ಯಜಮಾನರು ಎದ್ದರೆ

ನನ್ನ ಮಾವ ಪುಟ್ಟಬಸವಯ್ಯನವರು ಮುಖ ನೋಡಿದ ಮಾತ್ರಕ್ಕೆ ಸುಳ್ಳನ್ನು ಹಿಡಿಯುತ್ತಾರೆ ಎಂದು ಕವಲಂದೆಯಿಂದ ಹುಲ್ಲಹಳ್ಳಿಯವರೆಗೆ ಜನ ನಂಬಿದ್ದರು. ಮನೆಯವರಾದ ನಮಗೆ ಮಾತ್ರ ಈ ಶಕ್ತಿ ಎಂದೂ ಕಂಡಿರಲಿಲ್ಲ. ಮೀನು ಮಾರುವವನು ಮೊನ್ನೆಯ ಮೀನನ್ನು ಈಗ ತಾನೇ ಹಿಡಿದದ್ದು ಎಂದು ಆಣೆಯಿಟ್ಟರೆ ನಂಬಿ ತಂದುಬಿಡುತ್ತಿದ್ದರು. ಅದನ್ನು ತಿಪ್ಪೆಗೆ ಹಾಕುವಾಗ ನನ್ನ ಅತ್ತೆ ಮರಿತಾಯಮ್ಮ, ಊರಿಗೆಲ್ಲ ನ್ಯಾಯ ಹೇಳುವವರ ಮೂಗಿಗೆ ಏನಾಗಿದೆ ಎಂದು ಬೆಕ್ಕನ್ನು ಕೇಳುತ್ತಿದ್ದರು.

ಮಾವ ನಮ್ಮ ಬೀದಿಯ ಯಜಮಾನರು. ಇದಕ್ಕೆ ಚುನಾವಣೆಯಿಲ್ಲ, ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ಅಪ್ಪನಿಂದ ಮಗನಿಗೆ ಬರುತ್ತದೆ. ಬೇಲಿ ಜಗಳ, ದಾರಿ ಜಗಳ, ಗಂಡ ಹೆಂಡಿರ ಜಗಳ ಯಾವುದೇ ಇರಲಿ, ಬಸ್ಸು ಹತ್ತಿ ನಂಜನಗೂಡಿನ ಕೋರ್ಟಿಗೆ ಹೋಗುವ ಮೊದಲು ಯಜಮಾನರ ಮುಂದೆ ಬರಬೇಕು. ಹಿಂದೆ ಈ ನ್ಯಾಯ ಮರದ ಕಟ್ಟೆಯ ಮೇಲೆ ನಡೆಯುತ್ತಿತ್ತಂತೆ. ಈಗ ಅಂಬೇಡ್ಕರ್ ಭವನದೊಳಗೆ, ಫ್ಯಾನಿನ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಡೆಯುತ್ತದೆ. ಸಂವಿಧಾನ ಬರೆದವರ ಪಟದ ಕೆಳಗೆ ಕೂತು ಹಳೇ ಕಟ್ಟಳೆಯಂತೆ ತೀರ್ಪು ಕೊಡುವುದು ಸರಿಯೇ ಎಂದು ನಾನು ಒಮ್ಮೆ ನನ್ನ ಗಂಡ ಮಾದೇಶನ ಮೂಲಕ ಕೇಳಿಸಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನ್ನ ಬಾಯಿ ಎಲ್ಲ ಕಡೆ ನಡೆದರೂ ಮಾವನ ಮುಂದೆ ‘ಊಟಕ್ಕೆ ಬನ್ನಿ’ ಎನ್ನುವುದರಿಂದ ಆಚೆಗೆ ನಡೆಯುತ್ತಿರಲಿಲ್ಲ. ಅವರೂ ಮಗನ ಮೂಲಕವೇ ಉತ್ತರ ಕಳಿಸಿದರು: ಪಟದಲ್ಲಿರುವವರು ಬೇಡವೆಂದು ಇದುವರೆಗೆ ಹೇಳಿಲ್ಲವಂತೆ.

ಆ ಕಟ್ಟಳೆಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ನ್ಯಾಯಕ್ಕೆ ಕೂತ ಯಜಮಾನ ತೀರ್ಪಾಗುವ ತನಕ ಏಳುವಂತಿಲ್ಲ. ಒಬ್ಬ ಮಾತಾಡುತ್ತಿರುವಾಗ ಯಜಮಾನ ಎದ್ದು ನಿಂತರೆ, ಅವನು ಆಡುತ್ತಿರುವುದು ಸುಳ್ಳು ಎಂದರ್ಥ. ಅಲ್ಲಿಗೆ ಅವನು ಸೋತ. ಕೋಲ್ಕಾರ, ಅಂದರೆ ಯಜಮಾನರ ಕಡೆಯ ಆಳು, ವೀಳ್ಯದ ತಟ್ಟೆಯನ್ನು ಎದುರಾಳಿಯ ಮುಂದೆ ಇಡುತ್ತಾನೆ. ಎದುರಾಳಿ ಎಲೆ ಎತ್ತಿಕೊಂಡನೆಂದರೆ ಮುಗಿಯಿತು, ಆಮೇಲೆ ಯಾರು ಬಂದರೂ ಆ ತೀರ್ಪು ಬದಲಾಗದು.

ಮಾವ ಎಷ್ಟೋ ವರ್ಷ ಹಾಗೆ ಎದ್ದವರೇ ಅಲ್ಲ. ಅವರ ಹೆಸರಿದ್ದದ್ದು ಕೂರುವುದರಲ್ಲಿ. ಎರಡೂ ಕಡೆಯವರು ಮಾತಾಡಿ ಮಾತಾಡಿ ದಣಿದು, ಬೈದಾಡಿಕೊಂಡು, ಹಸಿದು, ಕೊನೆಗೆ ಮನೆಗೆ ಹೋದರೆ ಸಾಕೆಂದು ತಾವೇ ರಾಜಿಯಾಗುವ ತನಕ ಅವರು ಕಂಬದಂತೆ ಕೂತಿರುತ್ತಿದ್ದರು. ಅದೇ ಅವರ ವಿದ್ಯೆ. ಅರವತ್ತು ದಾಟಿದ ಮೇಲೆ ಆ ವಿದ್ಯೆ ಕೈಕೊಟ್ಟಿತು, ಯಾಕೆಂದರೆ ಅವರಿಗೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು.

ಮೊದಲ ಅನಾಹುತ ಚೆಲುವರಾಜುವಿನ ತೆಂಗಿನ ಮರದ ವಿಷಯದಲ್ಲಿ ಆಯಿತು. ಮರ ಇರುವುದು ಅವನ ಹಿತ್ತಲಿಗೂ ಮಾರಯ್ಯನ ಹಿತ್ತಲಿಗೂ ನಡುವೆ. ನನ್ನ ತಾತ ನೆಟ್ಟದ್ದು ಎಂದು ಇವನು, ನನ್ನ ಅಜ್ಜಿ ನೀರು ಹೊಯ್ದದ್ದು ಎಂದು ಅವನು. ಚೆಲುವರಾಜು ಒಳ್ಳೆಯ ಮಾತುಗಾರ. ತಾತನ ಬಾಲ್ಯದಿಂದ ಹಿಡಿದು ಸಸಿ ತಂದ ಸಂತೆಯವರೆಗೆ ಬಂದಿದ್ದ. ಅಷ್ಟರಲ್ಲಿ ಮಾವ ಕುರ್ಚಿಯಿಂದ ದಡಕ್ಕನೆ ಎದ್ದರು. ಯಾರ ಮುಖವನ್ನೂ ನೋಡದೆ ಭವನದ ಹಿಂದಿನ ಬಾಗಿಲಿನಿಂದ ಹೊರಟೇಹೋದರು. ಭವನ ಗರಬಡಿದಂತೆ ಕೂತಿತು. ಅವರು ಹಗುರವಾಗಿ ವಾಪಸು ಬರುವ ಹೊತ್ತಿಗೆ ಮಾರಯ್ಯ ವೀಳ್ಯ ಬಾಯಿಗೆ ಹಾಕಿಕೊಂಡು ಅರ್ಧ ಅಗಿದಿದ್ದ. ಚೆಲುವರಾಜು ತಲೆ ತಗ್ಗಿಸಿ ನಿಂತಿದ್ದ. ಮಾವ ಆಗಲೇ ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ಆದರೆ ಅಷ್ಟು ಜನ ಅಷ್ಟೊಂದು ಭಕ್ತಿಯಿಂದ ನೋಡುತ್ತಿರುವಾಗ, ನಾನು ಹೋದದ್ದು ಇದಕ್ಕೆ ಎಂದು ಹೇಳುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅವರೂ ಒಂದು ಎಲೆ ಎತ್ತಿಕೊಂಡರು.

ಅಲ್ಲಿಂದ ಅವರ ಕೀರ್ತಿ ಹಬ್ಬಿತು. ಯಜಮಾನರಿಗೆ ಕಣ್ಣು ಬಂದಿದೆ ಎಂದರು ಜನ. ನ್ಯಾಯಕ್ಕೆ ಬಂದವರು ಸುತ್ತಿ ಬಳಸುವುದನ್ನು ಬಿಟ್ಟರು. ಮಾವ ಕುರ್ಚಿಯಲ್ಲಿ ಸ್ವಲ್ಪ ಮಿಸುಕಿದರೆ ಸಾಕು, ಮಾತಾಡುತ್ತಿದ್ದವನು ತಡವರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದ. ಒಬ್ಬನಂತೂ ಮಾವ ಕಾಲು ಮೇಲೆ ಕಾಲು ಹಾಕಿ ಬಿಗಿಹಿಡಿದು ಕೂತದ್ದನ್ನು ನೋಡಿಯೇ ತಪ್ಪಾಯಿತೆಂದು ಅಡ್ಡಬಿದ್ದ. ಹಿಂದೆ ಹೊತ್ತು ಮುಳುಗಿಸುತ್ತಿದ್ದ ನ್ಯಾಯಗಳು ಕಾಫಿ ಆರುವ ಮೊದಲು ಮುಗಿಯತೊಡಗಿದವು. ಪರವೂರಿನವರೂ ವೀಳ್ಯ ಹಿಡಿದು ಬರಲಾರಂಭಿಸಿದರು.

ಮನೆಯಲ್ಲಿ ಈ ಮಹಿಮೆಯ ಇನ್ನೊಂದು ಮಗ್ಗುಲಿತ್ತು. ರಾತ್ರಿಯೆಲ್ಲ ಅಗುಳಿ ತೆಗೆಯುವ, ಹಾಕುವ ಸದ್ದು. ಬಚ್ಚಲಿಗೆ ಹೋದರೆ ಬೇಗ ಬರುತ್ತಿರಲಿಲ್ಲ. ಹೋಗುವ ಅವಸರ ಎಷ್ಟೋ, ಅಲ್ಲಿ ಆಗುವುದು ಅಷ್ಟು ನಿಧಾನ. ಮಾವ ನೀರು ಕುಡಿಯುವುದನ್ನು ಕಡಿಮೆ ಮಾಡಿದರು, ಪ್ರಾಣವಾಗಿದ್ದ ಮಜ್ಜಿಗೆಯನ್ನು ಬಿಟ್ಟರು. ಮೈಸೂರಿನ ಬಸ್ಸು ಹತ್ತುವುದನ್ನು ನಿಲ್ಲಿಸಿದರು. ಮದುವೆಗೆ ಹೋದರೆ ಹಿಂದಿನ ಗೇಟು ಎಲ್ಲಿದೆ ಎಂದು ನೋಡಿಕೊಂಡೇ ಕೂರುತ್ತಿದ್ದರು. ಕೇಳಿದವರಿಗೆ ಶುಗರ್ ಎನ್ನುತ್ತಿದ್ದರು. ಇಲ್ಲದ ಶುಗರ್ ಅನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು, ಇರುವ ಇದನ್ನು ಹೇಳಿಕೊಳ್ಳಲಾಗದು.

ಅತ್ತೆ ನನ್ನ ಹತ್ತಿರ ಹೇಳಿಕೊಂಡರು. ನಾನು ಮಾದೇಶನಿಗೆ ಹೇಳಿದೆ. ಮಾದೇಶ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸುರಕ್ಷಾ ಸಮಿತಿಯ ಸದಸ್ಯ. ಹೆಲ್ಮೆಟ್ ಹಾಕಿ, ಕನ್ನಡಕ ಹಾಕಿ, ಸಣ್ಣ ಗಾಯವನ್ನೂ ಮುಚ್ಚಿಡಬೇಡಿ ಎಂದು ದಿನವೂ ಹತ್ತಾರು ಜನರಿಗೆ ಹೇಳುವವನು. ಅಪ್ಪನ ಹತ್ತಿರ ಇಂಥದ್ದನ್ನೆಲ್ಲ ಹೇಗೆ ಕೇಳುವುದು ಎಂದು ನನ್ನ ಮೇಲೆಯೇ ರೇಗಿದ. ಹೀಗೆ ಒಂದೇ ಸೂರಿನ ಕೆಳಗಿರುವ ನಾವು ಮೂವರೂ ಗೊತ್ತಿದ್ದೂ ಗೊತ್ತಿಲ್ಲದವರಾಗಿ ಉಂಡು ಮಲಗುತ್ತಿದ್ದೆವು.

ಆ ವರ್ಷ ಬೇಸಿಗೆ ಕಳೆದ ಮೇಲೆ ಆಶಾ ಕಾರ್ಯಕರ್ತೆ ರೋಜಾ ನಮ್ಮ ಭವನಕ್ಕೆ ಡಾಕ್ಟರ್ ಅಮೃತೇಶ್ ಅವರನ್ನು ಕರೆತಂದಳು. ಐವತ್ತು ದಾಟಿದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ. ಗೋಡೆಗೆ ಒಂದು ಚಿತ್ರ ತೂಗುಹಾಕುತ್ತಿದ್ದಂತೆ, ಅದರಲ್ಲಿ ಏನೇನಿದೆ ಎಂದು ಗೊತ್ತಾಗಿ, ಗಂಡಸರೆಲ್ಲ ಸೇರಿ ಹೆಂಗಸರನ್ನು ಹೊರಗೆ ಕಳಿಸಿದರು. ನಾವು ಕಿಟಕಿಯ ಹತ್ತಿರ ನಿಂತೆವು. ಹಾಗಾಗಿ ಡಾಕ್ಟರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡವರು ಹೆಂಗಸರೇ. ಒಳಗಿದ್ದ ಗಂಡಸರು ಫ್ಯಾನು ನೋಡುತ್ತಿದ್ದರು.

ಮೂತ್ರದ ಚೀಲದ ಕೆಳಗೆ ಗಂಡಸರಿಗೆ ಮಾತ್ರ ಬೆಟ್ಟದ ನೆಲ್ಲಿಕಾಯಿ ಗಾತ್ರದ ಒಂದು ಗ್ರಂಥಿ ಇರುತ್ತದೆ ಎಂದರು ಡಾಕ್ಟರು. ವಯಸ್ಸಾದಂತೆ ಅದು ದಪ್ಪವಾಗುವುದು ಮಾಮೂಲು. ಮೂತ್ರದ ತೊಂದರೆ ಬಂದವರಿಗೆಲ್ಲ ಕ್ಯಾನ್ಸರ್ ಎಂದು ಹೆದರಬೇಕಾಗಿಲ್ಲ, ಬಹಳ ಜನಕ್ಕೆ ಮಾತ್ರೆಯಲ್ಲೇ ವಾಸಿ. ಆದರೆ ಅದರೊಳಗೆ ಕ್ಯಾನ್ಸರ್ ಹುಟ್ಟಿದರೆ ಅದು ಎಷ್ಟೋ ಸಲ ಯಾವ ಸುಳಿವೂ ಕೊಡುವುದಿಲ್ಲ. ಬೇಗ ಗೊತ್ತಾದರೆ ದಾರಿಗಳಿವೆ, ಮೂಳೆಗೆ ಇಳಿದ ಮೇಲೆ ಕಷ್ಟ. ಮೊದಲು ಒಂದು ರಕ್ತ ಪರೀಕ್ಷೆ, ಬೇಕಾದರೆ ಡಾಕ್ಟರು ಹಿಂಬದಿಯಿಂದ ಬೆರಳಿಟ್ಟು ನೋಡುತ್ತಾರೆ. ಬೆರಳಿನ ಮಾತು ಬಂದಾಗ ಒಳಗೆ ಎಷ್ಟೋ ಕುರ್ಚಿಗಳು ಒಟ್ಟಿಗೇ ಕಿರುಗುಟ್ಟಿದವು. ಗುರುವಾರ ದೇವನೂರಿನಲ್ಲಿ ಶಿಬಿರವಿದೆ, ಯಾರು ಯಾರು ಬರುತ್ತೀರಿ ಎಂದು ಡಾಕ್ಟರು ಕೇಳಿದರು.

ಎಲ್ಲರೂ ಮಾವನ ಕಡೆ ನೋಡಿದರು. ನಮ್ಮಲ್ಲಿ ಮೊದಲ ತುತ್ತು ಯಜಮಾನರದು, ಮೊದಲ ವೀಳ್ಯ ಅವರದು. ಕೊರೊನಾ ಕಾಲದಲ್ಲಿ ಲಸಿಕೆಗೆ ಹೆದರಿ ಊರೇ ಹೊಲಕ್ಕೆ ಓಡಿದಾಗ ಮಾವ ಮೊದಲು ತೋಳು ಕೊಟ್ಟಿದ್ದರು, ಆಮೇಲೆ ಬೀದಿಗೆ ಬೀದಿಯೇ ಸಾಲು ನಿಂತಿತ್ತು. ಯಜಮಾನರನ್ನು ದಾಟಿ ಯಾರೂ ಮುಂದೆ ಹೆಜ್ಜೆ ಇಡುವಂತಿಲ್ಲ. ಮಾವ ಗಂಟಲು ಸರಿಮಾಡಿಕೊಂಡು, ನೋಡಣ ಎಂದರು. ಗುರುವಾರ ರೋಜಾ ಬಸ್ ಸ್ಟಾಪಿನಲ್ಲಿ ಕಾದು ಕಾದು ಒಬ್ಬಳೇ ದೇವನೂರಿಗೆ ಹೋದಳು.

ಯಾಕೆ ಹೋಗಲಿಲ್ಲ ಎಂದು ಅತ್ತೆ ಕೇಳಿದಾಗ ನಾನು ಅಡುಗೆಮನೆಯಲ್ಲಿದ್ದೆ.

“ನಂಗೆ ಈ ಕಾಯ್ಲೆ ಅದೆ ಅಂತ ಡಾಕ್ಟ್ರು ಬರುದ್ರೆ, ಚೆಲುವರಾಜುನ ತೆಂಗಿನ ಮರ ಏನಾಯ್ತದೆ? ಅವತ್ತಿಂದ ಇವತ್ತುಗಂಟ ನಾನು ಯೋಳಿರೋ ನ್ಯಾಯವೆಲ್ಲ ಏನಾಯ್ತದೆ? ಉಚ್ಚೆಗೆ ಎದ್ದ, ಅದ್ಕೆ ನಾವು ಸೋತೋ ಅಂತಾರೆ. ಆಮೇಕೆ ನಾನು ಆ ಕುರ್ಚಿ ಮ್ಯಾಲೆ ಎಂಗೆ ಕೂತ್ಕಳನೆ?”

 ನನ್ನ ಹತ್ತಿರ ಉತ್ತರವಿತ್ತು, ಆದರೆ ಮಾವನ ಮುಂದೆ ಹೇಳುವಂತಿರಲಿಲ್ಲ. ಕುರ್ಚಿಯೇ ಹೆಚ್ಚು, ಕೂರುವವನು ಹೋದರೂ ಸರಿ ಎನ್ನುವ ಲೆಕ್ಕ ನನಗೆ ಅರ್ಥವಾಗಲಿಲ್ಲ. ಸಿಟ್ಟಿಗೆ ಹಿಟ್ಟು ಗಂಟಾಗಿ, ಆವತ್ತಿನ ಮುದ್ದೆ ಕೆಟ್ಟಿತು.

ದೀಪಾವಳಿಗೆ ಮುಂಚೆ ಒಂದು ದಿನ ಅತ್ತೆ ಬಟ್ಟೆ ಒಗೆಯುತ್ತಿದ್ದವರು ನನ್ನನ್ನು ಕರೆದರು. ಮಾವನ ಪಂಚೆಯಲ್ಲಿ ರಕ್ತದ ಕಲೆ. ಅತ್ತೆ ಅಳಲಿಲ್ಲ. ಕಿಟಕಿಯಲ್ಲಿ ಕೇಳಿದ ಪಾಠವನ್ನು ಒಂದು ಸಲ ಪೂರ್ತಿ ಹೇಳಿಸಿಕೊಂಡರು. ಆಮೇಲೆ ಕೈ ಒರೆಸಿಕೊಂಡು ಕೋಲ್ಕಾರನ ಮನೆಗೆ ಹೋಗಿ, ಐದು ವೀಳ್ಯದೆಲೆ, ಒಂದು ಅಡಿಕೆ ಅವನ ಮುಂದೆ ಇಟ್ಟರು. ಅಂದರೆ ನ್ಯಾಯ ಕೇಳಿದರು. ಯಾರ ಮೇಲೆ ಎಂದು ಅವನು ಕೇಳಿದನಂತೆ. ಯಜಮಾನರ ಮೇಲೆ ಎಂದರಂತೆ ಅತ್ತೆ. ಅವನು ಎಲೆ ಮುಟ್ಟಲು ಹೆದರಿದ. ಆದರೆ ಇಟ್ಟ ವೀಳ್ಯವನ್ನು ಹಿಂದಕ್ಕೆ ಕಳಿಸುವ ಕಟ್ಟಳೆ ನಮ್ಮಲ್ಲಿಲ್ಲ.

ಯಜಮಾನರ ಮೇಲೆಯೇ ದೂರಿದ್ದರೆ ಪರವೂರಿನ ಯಜಮಾನರು ಬಂದು ಕೂರಬೇಕು. ತಿ. ನರಸೀಪುರದ ಕಡೆಯಿಂದ ಮಂಟೇಸ್ವಾಮಿಯವರು ಬಂದರು. ಅವರು ಅತ್ತೆಯ ದೊಡ್ಡಪ್ಪನ ಮಗ, ಅತ್ತೆಗಿಂತ ಚಿಕ್ಕವರು. ನಂಟರೇ ನ್ಯಾಯ ಹೇಳಬಹುದೇ ಎಂದರೆ, ನಂಟರಲ್ಲದವರನ್ನು ನಮ್ಮ ಜನರಲ್ಲಿ ಹುಡುಕಲು ಬೇರೆ ಜಿಲ್ಲೆಗೆ ಹೋಗಬೇಕು. ಮಂಟೇಸ್ವಾಮಿಯವರು ನಗುಮುಖದ ದೊಡ್ಡ ಆಳು, ಎಳನೀರಿನ ವ್ಯಾಪಾರದಲ್ಲಿ ಗಟ್ಟಿಯಾದ ತೋಳುಗಳು. ಮಾವನ ಕುರ್ಚಿಯಲ್ಲಿ ಅವರು ಕೂತರು. ಮಾವ ಕೆಳಗೆ ಚಾಪೆಯ ಮೇಲೆ ಎಲ್ಲರ ನಡುವೆ ಕೂತರು. ಹೆಂಡತಿ ಇಂಥ ಕೆಲಸ ಮಾಡಿದಳಲ್ಲ ಎಂಬ ಕೋಪಕ್ಕೆ ಮುಖ ಕಪ್ಪಿಟ್ಟಿತ್ತು. ಆವತ್ತು ಮಧ್ಯಾಹ್ನ ಅತ್ತೆ, ಏನಾದರಾಗಲಿ ಹೊಟ್ಟೆ ತಂಪಾಗಿರಲಿ ಎಂದು ಬಲವಂತ ಮಾಡಿ ಎರಡು ದೊಡ್ಡ ಲೋಟ ಮಜ್ಜಿಗೆ ಕುಡಿಸಿದ್ದರು.

ಅತ್ತೆ ಮಾತು ಶುರುಮಾಡಿದರು. ಮದುವೆಯಿಂದ ಶುರುಮಾಡಿದರು. ಸೋಬಾನೆ ಹಾಡಿದವರು ಯಾರು, ಅಡುಗೆಗೆ ಎಷ್ಟು ಕುಂಬಳಕಾಯಿ ಹೆಚ್ಚಿದರು, ಮಾದೇಶ ಹುಟ್ಟಿದಾಗ ಯಾವ ಸೂಲಗಿತ್ತಿ ಬಂದಳು. ದೂರು ಏನು ಎಂದು ಮಂಟೇಸ್ವಾಮಿಯವರು ಮೆತ್ತಗೆ ಕೇಳಿದರೆ, ಬತ್ತಾ ಇವ್ನಿ ಎಂದು ಸೊಸೆಯಾದ ನನ್ನ ಸೀಮಂತಕ್ಕೆ ಬಂದರು. ದೂರು ಏನೆಂದು ನನಗೆ ಗೊತ್ತಿದ್ದರೂ ಅತ್ತೆಗೆ ಬುದ್ಧಿ ಕಲಕಿತೇನೋ ಎಂದು ಗಾಬರಿಯಾಯಿತು. ಮಾವ ಒಮ್ಮೆ ಮಂಡಿ ಮಡಚಿದರು, ಬಿಚ್ಚಿದರು. ಹಣೆಯಲ್ಲಿ ಬೆವರು. ಕೊನೆಗೆ ತಡೆಯಲಾರದೆ ಎದ್ದರು.

 ಕೋಲ್ಕಾರ ಅಭ್ಯಾಸಬಲದಿಂದ ವೀಳ್ಯದ ತಟ್ಟೆಗೆ ಕೈಹಾಕಿದ. ಮಂಟೇಸ್ವಾಮಿಯವರು ತಡೆದರು.

“ಮಡಗ್ಲಾ ತಟ್ಟೆಯ. ಭಾವ ಇವತ್ತು ಯಜಮಾನ್ರಲ್ಲ. ಬರೀ ಎದ್ದವ್ರೆ.”

ಹಿಂದಿನ ಬಾಗಿಲು ತೆರೆದೇ ಇತ್ತು. ಒಳಗೆ ಅಷ್ಟು ಜನ ತುಟಿಪಿಟಕ್ಕೆನ್ನದೆ ಕೂತಿದ್ದರಿಂದ ಹೊರಗಿನ ಸದ್ದು, ಸದ್ದಿಲ್ಲದ ಹೊತ್ತು, ಮತ್ತೆ ಒಂದಿಷ್ಟು ಸದ್ದು, ಎಲ್ಲವೂ ಎಲ್ಲರಿಗೂ ಕೇಳಿಸಿತು. ಮಾವ ವಾಪಸು ಬಂದಾಗ ಅತ್ತೆ, ನನ್ನ ದೂರು ಇಷ್ಟೇ ಎಂದು ಹೇಳಿ ಕೂತುಬಿಟ್ಟರು.

ಮಂಟೇಸ್ವಾಮಿಯವರು ಮಾವನ ಕಡೆ ತಿರುಗಿದರು. ನ್ಯಾಯದಲ್ಲಿ ಕೇಳಿದರೆ ಸುಳ್ಳು ಹೇಳುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತು.

“ಭಾವ, ಚೆಲುವರಾಜು ಮಾತಾಡ್ತಿದ್ದಾಗ ಎದ್ರಂತಲ್ಲ. ಅದು ತೀರ್ಪಾ, ಇಲ್ಲ ಇದೇನಾ?”

ತೀರ್ಪು ಎಂದರೆ ಅತ್ತೆ ಇಷ್ಟು ಜನರ ಮುಂದೆ ಸುಳ್ಳಿಯಾಗುತ್ತಾರೆ. ಇದೇ ಎಂದರೆ ಮಾವನ ಕೀರ್ತಿಯೆಲ್ಲ ಮಣ್ಣುಪಾಲು. ಮಾವ ಅತ್ತೆಯ ಕಡೆ ತಿರುಗಿ ನೋಡಿದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು.

“ಇದೇ ಕಣಪ್ಪ,” ಎಂದರು ಮಾವ. “ಅವತ್ತೂ ಇದೇ. ಆಮೇಕೆ ಎದ್ದಿದ್ದೆಲ್ಲ ಇದೇ. ನಂಗೆ ಯಾರ ಸುಳ್ಳೂ ಗೊತ್ತಾಗಕಿಲ್ಲ.”

ಇನ್ನು ಬೀದಿ ಹತ್ತಿ ಉರಿಯುತ್ತದೆ ಎಂದುಕೊಂಡೆ. ಸೋತವರೆಲ್ಲ ಎದ್ದು ಅಂಗಿ ಹಿಡಿಯುತ್ತಾರೆ ಎಂದುಕೊಂಡೆ. ಮೊದಲು ಎದ್ದವನು ಚೆಲುವರಾಜುವೇ. ಆದರೆ ಅವನು ಕೈ ಮುಗಿದು, ಯಜಮಾನರು ದೊಡ್ಡ ಮನಸ್ಸಿನಿಂದ ಹಾಗೆ ಹೇಳುತ್ತಿದ್ದಾರೆ, ಆವತ್ತು ತಾನು ಹೇಳಿದ್ದು ಸುಳ್ಳೇ, ಸಸಿ ತಂದದ್ದು ತನ್ನ ತಾತನಲ್ಲ ಎಂದ. ಅವನ ಪಾಡು ನನಗೆ ಆಮೇಲೆ ಹೊಳೆಯಿತು. ಮುಖ ನೋಡಿ ಸುಳ್ಳು ಹಿಡಿಯುವ ಯಜಮಾನರ ಮುಂದೆ ಸೋತೆ ಎಂದು ಬೀಗರಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ. ಈಗ ಒಬ್ಬ ಮುದುಕನ ಉಚ್ಚೆಗೆ ಸೋತೆ ಎಂದು ಹೇಗೆ ಹೇಳಿಕೊಳ್ಳುತ್ತಾನೆ? ಅದಕ್ಕಿಂತ ಸುಳ್ಳುಗಾರನಾಗುವುದೇ ಮರ್ಯಾದೆ. ಅವನ ಹಿಂದೆಯೇ ಇನ್ನಿಬ್ಬರು ಎದ್ದು ತಮ್ಮ ತಮ್ಮ ಸುಳ್ಳನ್ನು ಒಪ್ಪಿಕೊಂಡರು. ಮಾವ ಜೀವಮಾನದಲ್ಲಿ ಒಮ್ಮೆ ಎದೆ ಬಿಚ್ಚಿ ನಿಜ ಹೇಳಿದರೆ ಅದನ್ನು ನಂಬುವವರು ಭವನದಲ್ಲಿ ಒಬ್ಬರೂ ಇರಲಿಲ್ಲ.

ಅತ್ತೆಗೆ ಮಾತ್ರ ಅದರಿಂದ ಏನೂ ಆಗಬೇಕಾಗಿರಲಿಲ್ಲ. “ನೀವು ಏನಾರ ನಂಬ್ಕಳಿ. ಇವರ್ನ ಆಸ್ಪತ್ರೆಗೆ ಕಳ್ಸಿ,” ಎಂದರು.

ಮಂಟೇಸ್ವಾಮಿಯವರು ತೀರ್ಪು ಹೇಳಿದರು. ಯಜಮಾನರು ಪರೀಕ್ಷೆಗೆ ಹೋಗಬೇಕು. ಯಜಮಾನರು ಒಬ್ಬರೇ ಹೋಗುವುದು ಬೀದಿಗೆ ಶೋಭೆಯಲ್ಲ, ಆದ್ದರಿಂದ ಬೀದಿಯಲ್ಲಿ ಐವತ್ತು ದಾಟಿದ ಗಂಡಸರೆಲ್ಲ ಜೊತೆಗೆ ಹೋಗಬೇಕು. ತಪ್ಪಿಸಿಕೊಂಡವನಿಗೆ ಬೀದಿಯಲ್ಲಿ ನೀರು ಬೆಂಕಿ ಇಲ್ಲ. ರೋಜಾ ಅಲ್ಲೇ ನಿಂತಿದ್ದಳು. ನಿಮಗೂ ಐವತ್ತು ದಾಟಿದೆಯಲ್ಲ, ನೀವೂ ಬನ್ನಿ ಎಂದು ಕರೆದಳು. ಮಂಟೇಸ್ವಾಮಿಯವರು ನಕ್ಕರು.

“ತೀರ್ಪು ಕೊಟ್ಟೋರು ತೀರ್ಪಿಗೆ ಸೇರಕಿಲ್ಲ ಕಣವ್ವ. ನಂಗೆ ಕೊಳಾಯಿ ಬುಟ್ಟಂಗೆ ಓಯ್ತದೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಗಂಡಸರೆಲ್ಲ ಒಂದು ಟೆಂಪೋ ಹತ್ತಿ ಹೋದರು. ರೋಜಾ ಮುಂದಿನ ಸೀಟಿನಲ್ಲಿ ಕೂತಳು, ಹಿಂದೆ ಅವರು ಮದುವೆ ದಿಬ್ಬಣದ ಹಾಗೆ ಗಲಾಟೆ ಮಾಡಿಕೊಂಡು ಹೋಗಿ, ಆಸ್ಪತ್ರೆಯ ಬಾಗಿಲಲ್ಲಿ ಒಮ್ಮೆಗೇ ಮೌನವಾದರಂತೆ. ಮಾವ ಮೊದಲು ತೋಳು ಚಾಚಿದರು. ಅವರ ರಕ್ತ ಸೀಸೆಗೆ ಇಳಿದ ಮೇಲೆ ಉಳಿದವರು ಮನೆ ಹಿರಿತನದ ಪ್ರಕಾರ ಸಾಲು ನಿಂತರು. ಒಬ್ಬಿಬ್ಬರಿಗೆ ಗ್ರಂಥಿ ದಪ್ಪವಾಗಿದೆ ಎಂದು ಮಾತ್ರೆ ಕೊಟ್ಟರು. ಮಾವನದು ಮಾತ್ರ ಸಂಶಯವಿದೆ ಎಂದು ಮೈಸೂರಿಗೆ ಕಳಿಸಿದರು. ಅಲ್ಲಿ ಸೂಜಿಯಿಂದ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಇತ್ತು. ಆದರೆ ಇನ್ನೂ ಗ್ರಂಥಿಯನ್ನು ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದರು. ಮಾದೇಶ ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಒರಗಿ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೂ ಅಳು ತಡೆಯಲಾಗಲಿಲ್ಲ.

ಮಾವ ಮನೆಗೆ ಬಂದು, ಟ್ಯೂಬು ತೆಗೆದ ಮೇಲೆ ಇನ್ನೊಂದು ಪಜೀತಿ ಶುರುವಾಯಿತು. ಈಗ ಅವಸರವೂ ಇಲ್ಲ, ನಿಧಾನವೂ ಇಲ್ಲ. ಕೆಮ್ಮಿದರೆ, ನಕ್ಕರೆ, ಹೊತ್ತು ಮೀರಿದರೆ ತಾನೇ ಸೋರುತ್ತದೆ. ನಿಧಾನವಾಗಿ ಹತೋಟಿಗೆ ಬರುತ್ತದೆ, ಅಲ್ಲಿಯ ತನಕ ಹೊತ್ತುಹೊತ್ತಿಗೆ ಹೋಗಿ ಬನ್ನಿ ಎಂದಿದ್ದರು ಡಾಕ್ಟರು. ನಂಜನಗೂಡಿನ ಮೆಡಿಕಲ್ ಸ್ಟೋರಿನಿಂದ ಪ್ಯಾಡು ತರುವ ಕೆಲಸ ನನಗೆ ಬಂತು. ಮಾವ ಮತ್ತು ನನ್ನ ನಡುವೆ ಇದ್ದ ಬಿಗುಮಾನ ಆ ಪೊಟ್ಟಣದಿಂದಾಗಿ ಸಡಿಲವಾಯಿತು. ಪೊಟ್ಟಣ ಮುಗುದೋಗದೆ ಕಣವ್ವ ಇಂದ್ರಾಣಿ ಎಂದು ನೇರವಾಗಿಯೇ ನನಗೆ ಹೇಳುತ್ತಿದ್ದರು.

ಮತ್ತೆ ನ್ಯಾಯಕ್ಕೆ ಕೂತರು. ಮಧ್ಯೆ ಎದ್ದಾಗಲೆಲ್ಲ, ನೀವು ಮಾತಾಡುತ್ತಿರಿ, ಬಂದು ಕೇಳುತ್ತೇನೆ ಎಂದು ಹೇಳಿಯೇ ಹೋಗುತ್ತಿದ್ದರು. ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಅವರು ಎದ್ದರೆ ಮಾತಾಡುತ್ತಿದ್ದವನ ನಾಲಿಗೆ ಒಣಗುತ್ತದೆ, ಎದುರಾಳಿ ವೀಳ್ಯದ ತಟ್ಟೆಯತ್ತ ನೋಡುತ್ತಾನೆ. ಆ ಅಂಜಿಕೆ ನಮ್ಮ ಜನರಿಗೆ ರಕ್ತದಲ್ಲೇ ಇದೆ, ಯಾವ ಆಪರೇಷನ್ನಿಗೂ ಹೋಗುವಂಥದ್ದಲ್ಲ.

ಮರುವರ್ಷ ಮಂಟೇಸ್ವಾಮಿಯವರಿಗೆ ಸೊಂಟನೋವು ಬಂತು. ಎಳನೀರಿನ ಗೊನೆ ಎತ್ತಿ ಎತ್ತಿ ಬಂದದ್ದೆಂದು ಎಣ್ಣೆ ತಿಕ್ಕಿಸಿದರು, ಪಟ್ಟು ಹಾಕಿಸಿದರು. ಕೊಳಾಯಿ ಚೆನ್ನಾಗಿಯೇ ಓಡುತ್ತಿತ್ತು. ಹಾಸಿಗೆಯಿಂದ ಏಳಲಾಗದೆ ಹೋದಾಗ ಮೈಸೂರಿಗೆ ಕರೆದೊಯ್ದರು. ಅದೇ ಗ್ರಂಥಿ, ಅದೇ ಕಾಯಿಲೆ. ಬೆನ್ನುಮೂಳೆಗೆ ಇಳಿದು ಎಷ್ಟೋ ಕಾಲವಾಗಿತ್ತು. ಇಂಜೆಕ್ಷನ್ ಕೊಟ್ಟು ನೋವು ತಗ್ಗಿಸುತ್ತೇವೆ, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದು ಮನೆಯವರಿಗೆ ಹೇಳಿ ಕಳಿಸಿದ್ದರು. ಮಂಟೇಸ್ವಾಮಿಯವರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಾವು ಮೂವರು, ಮಾವ, ಅತ್ತೆ, ನಾನು ನೋಡಲು ಹೋದೆವು. ಬಸ್ಸು ತಡವಾಗಿ, ದಾರಿಯಲ್ಲಿ ಎಲ್ಲೂ ಇಳಿಯಲಾಗದೆ ಮಾವ ಮನೆ ಮುಟ್ಟುವ ಹೊತ್ತಿಗೇ ಕಷ್ಟದಲ್ಲಿದ್ದರು. ಆದರೆ ಒಳಗೆ ಕಾಲಿಟ್ಟ ಕೂಡಲೇ ಮಂಚದಿಂದ ಕೈ ಚಾಚಿ ಕರೆದರು ಮಂಟೇಸ್ವಾಮಿಯವರು. ಆ ತೋಳು ಜೋಳದ ಕಡ್ಡಿಯಾಗಿತ್ತು. ಮಾವ ಪಕ್ಕದ ಸ್ಟೂಲಿನ ಮೇಲೆ ಕೂತು ಆ ಕೈಯನ್ನು ಹಿಡಿದುಕೊಂಡರು. ಮಂಟೇಸ್ವಾಮಿಯವರು ಮಾತಾಡತೊಡಗಿದರು. ಹೊಸ ಸೂಜಿ ಒಳ್ಳೆಯದಂತೆ, ನೋವು ದಿನದಿನಕ್ಕೆ ಇಳಿಯುತ್ತಿದೆಯಂತೆ. ಬರುವ ತಿಂಗಳು ಎದ್ದು ಓಡಾಡುತ್ತಾರಂತೆ. ಗುಣವಾದ ಮೇಲೆ ಇಬ್ಬರೂ ಸೇರಿ ಮುಡುಕುತೊರೆ ಜಾತ್ರೆಗೆ ಹೋಗೋಣ ಎಂದರು. ಮಾತಿಗೆ ಮಾತು ಸೇರುತ್ತಿದ್ದರೂ ಅವರ ಕಣ್ಣು ಮಾವನ ಮುಖದ ಮೇಲೇ ಇತ್ತು. ಮುಖ ನೋಡಿ ಸುಳ್ಳು ಹಿಡಿಯುವವರ ಮುಂದೆ ನ್ಯಾಯಕ್ಕೆ ನಿಂತವರು ಹಾಗೇ ನೋಡುತ್ತಿದ್ದರು.

ಮಾವ ಕಾಲು ಮೇಲೆ ಕಾಲು ಹಾಕಿ ಬಿಗಿಹಿಡಿದರು. ಅತ್ತೆ ಹಿತ್ತಲ ಬಾಗಿಲಿನ ಕಡೆ ಕಣ್ಣಲ್ಲೇ ಸನ್ನೆ ಮಾಡಿದರು. ಮಾವ ನೋಡಿದರೂ ನೋಡದವರಂತೆ ಕೂತರು. ಸ್ವಲ್ಪ ಹೊತ್ತಿಗೆ ಪ್ಯಾಡು ಮೀರಿ ಪಂಚೆ ಒದ್ದೆಯಾಯಿತು, ಸ್ಟೂಲಿನ ಕಾಲಿನಿಂದ ಸಿಮೆಂಟು ನೆಲಕ್ಕೆ ಇಳಿಯಿತು. ಆ ಮನೆಯ ಸೊಸೆ ಕಾಫಿ ಹಿಡಿದು ಬಾಗಿಲಲ್ಲೇ ನಿಂತಳು. ಮಂಟೇಸ್ವಾಮಿಯವರೂ ಮಾತು ನಿಲ್ಲಿಸಿ ನೆಲ ನೋಡಿದರು.

“ಎದ್ದೋಗಿ ಭಾವ,” ಎಂದರು, ದನಿ ಇಳಿದಿತ್ತು.

ಮಾವ ಅವರ ಕೈ ಬಿಡಲಿಲ್ಲ.

“ನೀನು ಯೋಳಪ್ಪ,” ಎಂದರು. “ನಾನು ಕುಂತಿವ್ನಿ.”